ತರಗತಿಯ ಪುಸ್ತಕದ ಮೂಲೆಗೆ ಯಾವ ಪುಸ್ತಕಗಳನ್ನು ತರಬೇಕು?

ಪ್ರಶ್ನೆ: ನಾನು ಬೆಂಗಳೂರಿನ ಪೀಣ್ಯದ ಬಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮೂರು ಮತ್ತು ನಾಲ್ಕನೇ ತರಗತಿಗಳಿಗೆ ಪಾಠ ಮಾಡುತ್ತೇನೆ. ಎರಡೂ ತರಗತಿ ಸೇರಿ 38 ಮಕ್ಕಳಿದ್ದಾರೆ. ತರಗತಿಯಲ್ಲೇ ಒಂದು ಪುಟ್ಟ ಗ್ರಂಥಾಲಯ ಮಾಡಿಕೊಳ್ಳಿ ಎಂದು ಹಳೆಯ ವಿದ್ಯಾರ್ಥಿಗಳು 12,000 ರೂಪಾಯಿ ಕೊಟ್ಟಿದ್ದಾರೆ. ಈ ಹಿಂದೆ ದಾನವಾಗಿ ಬಂದ ಸುಮಾರು ಇನ್ನೂರು ಪುಸ್ತಕಗಳು ಬೀರುವಿನಲ್ಲಿವೆ, ಮಕ್ಕಳು ಅವನ್ನು ಮುಟ್ಟುವುದಿಲ್ಲ. ನೀತಿಕಥೆ ಮತ್ತು ಮಹಾಪುರುಷರ ಜೀವನಚರಿತ್ರೆ ತರಿಸಬೇಕೆಂಬುದು ಮುಖ್ಯೋಪಾಧ್ಯಾಯರ ಅಪೇಕ್ಷೆ. ಪೋಷಕರು ಇಂಗ್ಲಿಷ್ ಪುಸ್ತಕ ಕೇಳುತ್ತಾರೆ. ಮಕ್ಕಳು ತಾವಾಗಿ ಕೈಗೆತ್ತಿಕೊಳ್ಳುವ ಪುಸ್ತಕಗಳನ್ನು ಹೇಗೆ ಆರಿಸಲಿ?

ಉತ್ತರ: ಹೊಸದನ್ನು ಕೊಳ್ಳುವ ಮೊದಲು ಆ ಬೀರುವನ್ನು ತೆರೆಯಿರಿ. ಒಂದು ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಇನ್ನೂರು ಪುಸ್ತಕಗಳನ್ನೂ ಜಮಖಾನದ ಮೇಲೆ ಹರಡಿ, ನಾಲ್ಕೈದು ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಅವರ ಕೈ ಎತ್ತ ಹೋಗುತ್ತದೆ ಎಂಬುದನ್ನು ಸುಮ್ಮನೆ ಗಮನಿಸಿ. ಬೆಂಗಳೂರಿನ ಶಾಲೆಗಳಲ್ಲಿ ಇಂಥ ಬೀರುಗಳನ್ನು ನಾನು ಇಪ್ಪತ್ತು ವರ್ಷಗಳಿಂದ ತೆರೆಯುತ್ತ ಬಂದಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳು, ಬದಲಾದ ಪಠ್ಯಕ್ರಮದ ಪುಸ್ತಕಗಳು, ದೊಡ್ಡವರ ಕಾದಂಬರಿಗಳು, ಒಂದೇ ಪಂಚತಂತ್ರದ ಐದಾರು ಪ್ರತಿಗಳು: ಹೆಚ್ಚುಕಡಿಮೆ ಇವೇ ಸಿಗುತ್ತವೆ. ಕೊಟ್ಟವರ ಮನೆಯಲ್ಲಿ ಜಾಗ ಬೇಕಾಗಿತ್ತು, ಆದ್ದರಿಂದ ಅವು ಶಾಲೆಗೆ ಬಂದವು. ಮಕ್ಕಳು ಅವನ್ನು ಮುಟ್ಟದಿರುವುದಕ್ಕೆ ಓದಿನಲ್ಲಿ ಅವರಿಗೆ ಆಸಕ್ತಿಯಿಲ್ಲ ಎಂಬ ಅರ್ಥವನ್ನು ದಯವಿಟ್ಟು ಹಚ್ಚಬೇಡಿ. ಆ ರಾಶಿಯಲ್ಲಿ ಹತ್ತು ಹದಿನೈದು ಒಳ್ಳೆಯ ಪುಸ್ತಕಗಳು ಇದ್ದೇ ಇರುತ್ತವೆ, ಅವನ್ನು ಹೊರಗಿಡಿ. ಉಳಿದವನ್ನು ಸಿಬ್ಬಂದಿ ಕೊಠಡಿಗೆ ಸಾಗಿಸಿ. ದಾಸ್ತಾನು ವಹಿಯಲ್ಲಿ ನಮೂದಾಗಿರುವ ಪುಸ್ತಕಗಳನ್ನು ಮಾತ್ರ ಕ್ರಮಬದ್ಧವಾಗಿಯೇ ತೆಗೆದುಹಾಕಬೇಕು.

ಈಗ ಆಯ್ಕೆಯ ವಿಷಯ. ಮಕ್ಕಳ ಪುಸ್ತಕ ಎಂದ ಕೂಡಲೇ ನಾವೆಲ್ಲ ಕಥೆ ಚೆನ್ನಾಗಿದೆಯೇ, ಚಿತ್ರ ಚೆನ್ನಾಗಿದೆಯೇ ಎಂದು ನೋಡುತ್ತೇವೆ. ಕನ್ನಡದಲ್ಲಿ ಓದಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಇವೆರಡಕ್ಕಿಂತ ಮೊದಲು ಎದುರಾಗುವುದು ಅಕ್ಷರ. ನಿಮ್ಮ ಮಕ್ಕಳು ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಓದು ಕಲಿತವರು. ಅಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಕಲಿಕೆ ಆರಂಭವಾಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾಗುಣಿತವನ್ನು ದಾಟಿ ಒತ್ತಕ್ಷರದ ಹೊಸ್ತಿಲಲ್ಲಿ ನಿಂತ ಮಕ್ಕಳೇ ಮೂರನೇ ತರಗತಿಯಲ್ಲಿ ಹೆಚ್ಚು, ನಾಲ್ಕನೆಯದರಲ್ಲಿಯೂ ಕೆಲವರು ಇರುತ್ತಾರೆ. ಅಂಥ ಮಗು ಒಂದು ಪುಟದಲ್ಲಿ ನಾಲ್ಕು ಕಡೆ ಎಡವಿದರೆ ಕಥೆ ಎಷ್ಟೇ ಸೊಗಸಾಗಿದ್ದರೂ ಪುಸ್ತಕವನ್ನು ಮಡಚಿಡುತ್ತದೆ, ಇನ್ನೊಮ್ಮೆ ಆ ಪುಸ್ತಕದ ಕಡೆ ತಿರುಗಿಯೂ ನೋಡುವುದಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಯಾವುದೇ ಪುಸ್ತಕವನ್ನು ಕೈಗೆತ್ತಿಕೊಂಡಾಗ ಮೊದಲ ಪುಟವನ್ನು ಬಿಟ್ಟು ನಡುವಿನ ಒಂದು ಪುಟವನ್ನು ತೆರೆದು ಒತ್ತಕ್ಷರಗಳನ್ನು ಎಣಿಸಿ. ಎಲ್ಲ ಒತ್ತಕ್ಷರಗಳೂ ಒಂದೇ ಬಗೆಯ ಕಷ್ಟವಲ್ಲ. ಅಮ್ಮ, ಅಕ್ಕ, ಹಳ್ಳ, ಹತ್ತಿದ, ಬಿದ್ದ ಎಂಬಂಥ ಪದಗಳಲ್ಲಿ ಅಕ್ಷರಕ್ಕೆ ಅದರದೇ ಒತ್ತು ಬರುತ್ತದೆ. ಮಕ್ಕಳು ದಿನವಿಡೀ ಆಡುವ ಮಾತುಗಳು ಇವೇ ಆದ್ದರಿಂದ ಬಾಯಿ ಅವನ್ನು ತಾನಾಗಿ ಊಹಿಸಿಕೊಳ್ಳುತ್ತದೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಅಕ್ಷರಕ್ಕೆ ಬೇರೊಂದರ ಒತ್ತು ಬರುವ ವಿಜಾತೀಯ ಸಂಯುಕ್ತಾಕ್ಷರಗಳನ್ನು ಮಾತ್ರ ಎಣಿಸಿ. ವಾಕ್ಯಕ್ಕೆ ಒಂದಕ್ಕಿಂತ ಹೆಚ್ಚು ಕಂಡರೆ ಆ ಪುಸ್ತಕ ಓದಲು ಹೆಣಗುತ್ತಿರುವ ಮಗುವಿಗಲ್ಲ, ಸಲೀಸಾಗಿ ಓದುವ ಮಗುವಿಗೆ ಎಂದು ತಿಳಿಯಿರಿ. ಅರ್ಕಾವೊತ್ತಿನ ತೊಡಕಂತೂ ಬೇರೆಯೇ: ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ಮೊದಲು ಕಾಣುವುದು ಯಕಾರ, ಅದರ ನಂತರ ಬರೆದ ರಕಾರವನ್ನು ನಾಲಿಗೆ ಮಾತ್ರ ಮೊದಲು ಉಚ್ಚರಿಸಬೇಕು. ದೊಡ್ಡವರಿಗೆ ಇದು ಕಷ್ಟವೆಂದು ತೋರುವುದೇ ಇಲ್ಲ, ಎಂಟು ವರ್ಷದ ಮಗು ಇಲ್ಲಿ ಪ್ರತಿ ಸಲವೂ ನಿಲ್ಲುತ್ತದೆ.

ಇದರ ಜೊತೆಗೇ ಅಚ್ಚಿನ ಗಾತ್ರವನ್ನೂ ಸಾಲುಗಳ ನಡುವಿನ ಅಂತರವನ್ನೂ ನೋಡಿ. ಕನ್ನಡದಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಯಾವುದು ಯಾವುದರದ್ದೆಂದು ಮಗುವಿಗೆ ತಿಳಿಯದಂತಾಗುತ್ತದೆ. ದಿನಪತ್ರಿಕೆಯ ಅಕ್ಷರದ ಎರಡು ಪಟ್ಟು ದೊಡ್ಡದಾದ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ, ಕಡುಬಣ್ಣದ ಚಿತ್ರದ ಮೇಲೆ ಅಚ್ಚು ಹಾಕದೆ ಬಿಳಿಯ ಜಾಗದಲ್ಲಿ ಹಾಕಿದ ಪಠ್ಯ, ಇಷ್ಟಿದ್ದರೆ ಸಾಕು. ಸಾಲಿನ ಕೊನೆಯಲ್ಲಿ ಪದವನ್ನು ಮುರಿದು ಮುಂದಿನ ಸಾಲಿಗೆ ಒಯ್ದಿರುವ ಪುಸ್ತಕಗಳನ್ನು ನಾನು ಈ ವಯಸ್ಸಿನವರಿಗೆ ಕೊಳ್ಳುವುದೇ ಇಲ್ಲ.

ಪುಟದಲ್ಲಿ ಐದು ಪದ ತಿಳಿಯದಿದ್ದರೆ ಪುಸ್ತಕ ಕಷ್ಟದ್ದು ಎಂಬ ಐದು ಬೆರಳಿನ ಪರೀಕ್ಷೆಯನ್ನು ನೀವು ತರಬೇತಿಗಳಲ್ಲಿ ಕೇಳಿರಬಹುದು. ಅದು ಇಂಗ್ಲಿಷ್ ಪುಸ್ತಕಗಳಿಗಾಗಿ ಹುಟ್ಟಿದ ಅಳತೆ. ‘ಮನೆಯಲ್ಲಿರುವವರೆಲ್ಲರೂ’ ಎಂಬುದು ನಮ್ಮಲ್ಲಿ ಒಂದೇ ಪದ, ಮಕ್ಕಳ ಪುಸ್ತಕದ ಒಂದು ಪುಟದಲ್ಲಿ ಇಂಥ ಇಪ್ಪತ್ತು ಇಪ್ಪತ್ತೈದು ಪದಗಳಿದ್ದರೆ ಹೆಚ್ಚು. ಆದ್ದರಿಂದ ನಾನು ಮಕ್ಕಳಿಗೆ ಎರಡು ಬೆರಳಿನ ಲೆಕ್ಕ ಹೇಳಿಕೊಡುತ್ತೇನೆ: ಪುಟಕ್ಕೆ ಎರಡು ಪದಗಳಿಗಿಂತ ಹೆಚ್ಚು ತೊಡರಿದರೆ ಈ ಪುಸ್ತಕವನ್ನು ಟೀಚರ್ ಬಾಯಲ್ಲಿ ಕೇಳೋಣ, ಓದಿಕೊಳ್ಳುವುದಕ್ಕೆ ಬೇರೆಯದನ್ನು ತೆಗೆದುಕೊಳ್ಳೋಣ.

ಅಕ್ಷರದ ಹೊಸ್ತಿಲು ದಾಟಿದ ಮೇಲೆ ಭಾಷೆ. ಇದಕ್ಕೆ ಒಂದೇ ಪರೀಕ್ಷೆ, ಗಟ್ಟಿಯಾಗಿ ಓದುವುದು. ಅಂಗಡಿಯಲ್ಲಿ ಸಂಕೋಚವೆನಿಸಿದರೂ ಒಂದು ಪುಟವನ್ನು ತುಟಿ ಅಲುಗಿಸುತ್ತ ಓದಿ. ‘ಆತನು ವೃಕ್ಷವನ್ನೇರಿ ಫಲಗಳನ್ನು ಭಕ್ಷಿಸಿದನು’ ಎಂಬ ಪುಸ್ತಕವನ್ನು ಬದಿಗಿಡಿ, ‘ಅವನು ಮರ ಹತ್ತಿ ಹಣ್ಣು ತಿಂದ’ ಎಂಬ ಪುಸ್ತಕವನ್ನು ಕೈಯಲ್ಲಿ ಇಟ್ಟುಕೊಳ್ಳಿ. ಅನುವಾದಿತ ಪುಸ್ತಕಗಳಲ್ಲಿ ಇನ್ನೂ ಎಚ್ಚರ ಬೇಕು. ಇಂದು ಮಾರುಕಟ್ಟೆಯಲ್ಲಿರುವ ಬಣ್ಣದ ಚಿತ್ರಪುಸ್ತಕಗಳಲ್ಲಿ ಬಹಳಷ್ಟು ಬೇರೆ ಭಾಷೆಗಳಿಂದ ಬಂದವು, ಅವುಗಳಲ್ಲಿ ಅತ್ಯುತ್ತಮವಾದವೂ ಇವೆ. ಆದರೆ ‘ಅದು ಒಂದು ಸುಂದರವಾದ ದಿನವಾಗಿತ್ತು’ ಎಂದು ಆರಂಭವಾಗುವ ಕಥೆಯನ್ನು ಯಾವ ಅಜ್ಜಿಯೂ ಮೊಮ್ಮಗುವಿಗೆ ಹೇಳಲಾರಳು. ನಿಮ್ಮ ನಾಲಿಗೆ ಎಲ್ಲಿ ತಡವರಿಸುತ್ತದೆಯೋ ಅಲ್ಲಿ ಮಗುವಿನ ಮನಸ್ಸೂ ತಡವರಿಸುತ್ತದೆ. ಕನ್ನಡದ ಅನುಕರಣ ಪದಗಳು ಧಾರಾಳವಾಗಿರುವ ಪುಸ್ತಕಗಳಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಸರಸರ, ಗಿರಗಿರ, ದಡದಡ, ಗುಡುಗುಡು ಎಂಬ ಮಾತುಗಳಲ್ಲಿ ಒತ್ತಕ್ಷರವೇ ಇಲ್ಲ, ಎರಡು ಅಕ್ಷರ ಗೊತ್ತಿದ್ದರೆ ಇಡೀ ಪದ ಬಂದುಬಿಡುತ್ತದೆ, ಮೇಲಾಗಿ ಕಿವಿಗೆ ಹಿತವಾಗಿರುತ್ತದೆ. ನಲಿ-ಕಲಿಯ ಮೊದಲ ಗುಂಪಿನ ಅಕ್ಷರಗಳಷ್ಟೇ ತಿಳಿದ ಮಗು ಕೂಡ ‘ಸರಸರ’ ಎಂದು ತಾನೇ ಓದಿ, ಹಾವು ಹರಿದಂತೆ ಕೈಯಾಡಿಸಿ ತೋರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ವಸ್ತುವಿನ ಆಯ್ಕೆಯಲ್ಲಿ ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಎಲ್ಲ ಹಣವನ್ನೂ ಕಥೆಗೆ ಹಾಕುವುದು. ಹಲವು ವರ್ಷಗಳ ಹಿಂದೆ ನಗರದ ಹೊರವಲಯದ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಒಬ್ಬ ಹುಡುಗ ಆರು ತಿಂಗಳು ಒಂದು ಪುಸ್ತಕವನ್ನೂ ಮನೆಗೆ ಒಯ್ದಿರಲಿಲ್ಲ. ತಂದೆ ತಾಯಿ ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುತ್ತಿದ್ದರು. ಅವನಿಗೆ ಓದು ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು, ನಾನೂ ಹಾಗೆಯೇ ತಿಳಿದಿದ್ದೆ. ಮಣ್ಣು ಅಗೆಯುವ ಮತ್ತು ಭಾರ ಎತ್ತುವ ಯಂತ್ರಗಳ ಬಗ್ಗೆ ಒಂದು ತೆಳ್ಳಗಿನ ಪುಸ್ತಕ ಬಂದ ದಿನ ಅವನು ಅದನ್ನು ತೆಗೆದುಕೊಂಡು ಮೂಲೆಗೆ ಹೋದವನು ಗಂಟೆ ಹೊಡೆದರೂ ಏಳಲಿಲ್ಲ. ಜೆಸಿಬಿಯ ತೋಳು ಹೇಗೆ ಮಡಚಿಕೊಳ್ಳುತ್ತದೆ ಎಂಬುದನ್ನು ಆ ಪುಸ್ತಕಕ್ಕಿಂತ ಚೆನ್ನಾಗಿ ಅವನು ಬಲ್ಲವನಾಗಿದ್ದ. ತಾನು ಬಲ್ಲದ್ದು ಅಚ್ಚಿನಲ್ಲಿದೆ ಎಂಬ ಸಂತೋಷದಲ್ಲಿ ಓದಿದ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಅಂದಿನಿಂದ ನಾನು ಕೊಳ್ಳುವ ಪುಸ್ತಕಗಳಲ್ಲಿ ಮೂರರಲ್ಲಿ ಒಂದು ಭಾಗ ಕಥೆಯಲ್ಲದವು ಇರಲೇಬೇಕೆಂದು ನಿಯಮ ಮಾಡಿಕೊಂಡಿದ್ದೇನೆ: ಹಾವು, ಜೇಡ, ಹಲ್ಲು, ಮಳೆ, ಬಸ್ಸು, ಬಾವಿ, ಚಂದ್ರ, ಗಾಳಿಪಟ ಮಾಡುವ ಬಗೆ, ಒಗಟು, ಗಾದೆ, ಪದ್ಯ. ಪೀಣ್ಯದ ಮಕ್ಕಳು ಲೇತು ಯಂತ್ರದ ಸದ್ದಿನ ನಡುವೆಯೇ ಬೆಳೆಯುವವರು. ಅವರಿಗೆ ಯಂತ್ರ, ಲೋಹ, ಚಕ್ರಗಳ ಪುಸ್ತಕಗಳನ್ನು ಹುಡುಕಿ ಕೊಡಿ.

ಪದಗಳೇ ಇಲ್ಲದ ಚಿತ್ರಪುಸ್ತಕಗಳನ್ನು ನಾಲ್ಕೈದಾದರೂ ತನ್ನಿ. ಇವು ಅಂಗನವಾಡಿಗೆ ಎಂಬ ಭಾವನೆ ಶಿಕ್ಷಕರಲ್ಲೂ ಇದೆ. ಒಂಬತ್ತು ವರ್ಷದ ಮಗುವೂ ಅವುಗಳ ಮುಂದೆ ಕೂತು ತನ್ನದೇ ಮಾತಿನಲ್ಲಿ, ಕಲಬುರಗಿಯದೋ ಕೋಲಾರದ್ದೋ ಆದ ತನ್ನ ಮನೆಮಾತಿನ ಧಾಟಿಯಲ್ಲಿ ಕಥೆ ಕಟ್ಟುತ್ತದೆ, ನೀವು ಅದನ್ನು ಬರೆದುಕೊಂಡರೆ ಮರುದಿನ ಓದುವುದಕ್ಕೆ ಪಾಠವೇ ಸಿದ್ಧವಾಗುತ್ತದೆ.

ಚಿತ್ರಗಳಲ್ಲಿ ಕಪ್ಪಗಿರುವವರೆಲ್ಲ ರಾಕ್ಷಸರು, ಬೆಳ್ಳಗಿರುವವರೆಲ್ಲ ಒಳ್ಳೆಯವರು, ಅಮ್ಮ ಎಂದರೆ ಸದಾ ಒಲೆಯ ಮುಂದೆ ಎಂಬಂಥ ಪುಸ್ತಕಗಳನ್ನು ಬೇರೆ ವಿಚಾರವಿಲ್ಲದೆ ಬಿಟ್ಟುಬಿಡಿ.

ಮುಖ್ಯೋಪಾಧ್ಯಾಯರ ಅಪೇಕ್ಷೆಯನ್ನು ತಳ್ಳಿಹಾಕಬೇಡಿ, ಅದರ ಹಿಂದಿರುವ ಕಾಳಜಿ ನಿಜವಾದದ್ದು. ಆದರೆ ಜೀವನಚರಿತ್ರೆಯ ಒಂದು ಪುಸ್ತಕವನ್ನು ಅವರ ಮುಂದಿಟ್ಟು ಸ್ವಾತಂತ್ರ್ಯ, ರಾಷ್ಟ್ರ, ಸಂಸ್ಕೃತಿ, ಕರ್ತವ್ಯ ಎಂಬ ಪದಗಳ ಮೇಲೆ ಬೆರಳಿಟ್ಟು ತೋರಿಸಿ, ಮೂರನೇ ತರಗತಿಯ ಒಂದು ಮಗುವನ್ನು ಕರೆದು ಅದೇ ಪುಟವನ್ನು ಓದಿಸಿ. ವಾದಕ್ಕಿಂತ ಆ ಎರಡು ನಿಮಿಷ ಹೆಚ್ಚು ಮನವರಿಕೆ ಮಾಡಿಕೊಡುತ್ತದೆ. ದೊಡ್ಡವರ ಬದುಕನ್ನು ಹುಟ್ಟಿದ ದಿನಾಂಕದಿಂದ ಪ್ರಶಸ್ತಿಗಳವರೆಗೆ ಪಟ್ಟಿ ಮಾಡುವ ಪುಸ್ತಕಗಳಿಗಿಂತ ಅವರ ಬಾಲ್ಯದ ಒಂದೇ ಘಟನೆಯನ್ನು ಹಿಡಿದು ಹೇಳುವ ಪುಸ್ತಕಗಳನ್ನು ಆರಿಸಿದರೆ ಇಬ್ಬರ ಮಾತೂ ಉಳಿಯುತ್ತದೆ. ನೀತಿಕಥೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಕಥೆ ಮುಗಿದ ಮೇಲೆ ಚೌಕದೊಳಗೆ ‘ನೀತಿ’ ಎಂದು ಬರೆದಿರುವ ಪುಸ್ತಕದಲ್ಲಿ ಮಗು ಕೇಳಬಹುದಾಗಿದ್ದ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ. ಮೊಸಳೆಗೆ ಮೋಸ ಮಾಡಿದ ಕೋತಿ ಸರಿಯೇ ಎಂದು ಮಕ್ಕಳು ಅರ್ಧ ಗಂಟೆ ಜಗಳವಾಡಬಲ್ಲರು, ಆ ಜಗಳದಲ್ಲಿಯೇ ಅವರ ನೀತಿಬುದ್ಧಿ ಬೆಳೆಯುತ್ತದೆ. ಪಂಚತಂತ್ರ, ತೆನಾಲಿ ರಾಮ, ಬೀರಬಲ್ ಇವುಗಳಲ್ಲಿ ಒಂದೊಂದೇ ಒಳ್ಳೆಯ ಆವೃತ್ತಿ ಸಾಕು.

ಪೋಷಕರ ಬೇಡಿಕೆಗೆ ನನ್ನ ಉತ್ತರ ದ್ವಿಭಾಷಾ ಪುಸ್ತಕಗಳು. ಒಂದೇ ಪುಟದಲ್ಲಿ ಕನ್ನಡವೂ ಇಂಗ್ಲಿಷೂ ಇರುವ ಪುಸ್ತಕಗಳನ್ನು ಕೆಲವು ಪ್ರಕಾಶಕರು ಬಹಳ ಕಾಳಜಿಯಿಂದ ತರುತ್ತಿದ್ದಾರೆ. ಚೆನ್ನೈನ ತೂಲಿಕಾ ಈ ಕೆಲಸವನ್ನು ದೀರ್ಘಕಾಲದಿಂದ ಮಾಡುತ್ತಿದೆ. ಕನ್ನಡದಲ್ಲಿ ಕಥೆ ತಿಳಿದ ಮೇಲೆ ಪಕ್ಕದ ಇಂಗ್ಲಿಷ್ ಸಾಲು ತಾನಾಗಿ ಅರ್ಥವಾಗತೊಡಗುತ್ತದೆ. ಬರಿಯ ಇಂಗ್ಲಿಷ್ ಪುಸ್ತಕಗಳನ್ನು ತರುವುದಾದರೆ ಪುಟಕ್ಕೆ ಒಂದೇ ಸಾಲು ಇರುವಂಥವನ್ನು ತನ್ನಿ. ಇನ್ನೊಂದು ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ: ನಿಮ್ಮ 38 ಮಕ್ಕಳಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಆಡುವವರು ಎಷ್ಟು ಮಂದಿ ಎಂದು ಒಮ್ಮೆ ಕೇಳಿ ಬರೆದುಕೊಳ್ಳಿ. ಆ ಭಾಷೆಗಳಲ್ಲಿ ತಲಾ ಎರಡು ಪುಸ್ತಕ ಇಟ್ಟರೆ, ಅದನ್ನು ಮನೆಯಲ್ಲಿ ಯಾರೋ ಒಬ್ಬರು ಮಗುವಿಗೆ ಓದಿ ಹೇಳುತ್ತಾರೆ, ಶಾಲೆಯ ಪುಸ್ತಕ ತಮಗೂ ಸೇರಿದ್ದೆಂದು ಆ ಮನೆಗೆ ಅನಿಸುತ್ತದೆ.

ಹಣವನ್ನು ಒಂದೇ ಸಲಕ್ಕೆ ಖರ್ಚು ಮಾಡಬೇಡಿ. ಈಗ 8,000 ರೂಪಾಯಿಗೆ ಕೊಂಡು, 4,000 ರೂಪಾಯಿಯನ್ನು ದಸರಾ ರಜೆ ಮುಗಿದ ಮೇಲಿಗೆ ಉಳಿಸಿಕೊಳ್ಳಿ. ತೆಳುವಾದ ಚಿತ್ರಪುಸ್ತಕಗಳು ಸಾಮಾನ್ಯವಾಗಿ ನೂರು ರೂಪಾಯಿಯೊಳಗೆ ಸಿಗುತ್ತವೆ. ಸರಾಸರಿ 70 ರೂಪಾಯಿ ಎಂದು ಹಿಡಿದರೆ ಸುಮಾರು 110 ಪುಸ್ತಕಗಳಾಗುತ್ತವೆ, ಮಗುವಿಗೆ ತಲಾ ಮೂರರ ಹತ್ತಿರ ಬಂತು. ಅವುಗಳಲ್ಲಿ ಅರ್ಧದಷ್ಟು ಪುಟಕ್ಕೆ ಒಂದೆರಡು ಸಾಲಿನವು, ಕಾಲು ಭಾಗ ಪುಟಕ್ಕೆ ಐದಾರು ಸಾಲಿನವು ಇರಲಿ. ಉಳಿದವು ನೀವು ಗಟ್ಟಿಯಾಗಿ ಓದಿ ಹೇಳುವುದಕ್ಕೂ ಚುರುಕಾಗಿ ಓದುವ ಮಕ್ಕಳಿಗೂ ಒದಗುವಂಥ ಉದ್ದದ ಕಥೆಗಳಾಗಿರಲಿ.

ಕೊಳ್ಳುವ ಮೊದಲೇ ಪುಸ್ತಕಗಳನ್ನು ಮಕ್ಕಳ ಮುಂದೆ ಪರೀಕ್ಷಿಸುವ ಅವಕಾಶವೂ ನಿಮಗಿದೆ. ಬೆಂಗಳೂರಿನಲ್ಲಿಯೇ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಸ್ಟೋರಿವೀವರ್ ಎಂಬ ಮುಕ್ತ ತಾಣವನ್ನು ತೆರೆಯಿತು. ಅಲ್ಲಿ ಕನ್ನಡದ ಬಹಳಷ್ಟು ಕಥೆಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿ ಉಚಿತವಾಗಿ ಇಟ್ಟಿದ್ದಾರೆ, ಇಳಿಸಿಕೊಂಡು ಮುದ್ರಿಸಿಕೊಳ್ಳಲೂಬಹುದು. ದಿನಕ್ಕೊಂದರಂತೆ ಎರಡು ವಾರ ಅಲ್ಲಿನ ಕಥೆಗಳನ್ನು ಓದಿ ಹೇಳಿ, ‘ಇನ್ನೊಂದು ಸಲ’ ಎಂಬ ಕೂಗು ಬಂದವುಗಳ ಹೆಸರನ್ನು ಬರೆದಿಟ್ಟುಕೊಂಡು, ಅಂಥ ಪುಸ್ತಕಗಳನ್ನೇ ಅಚ್ಚಿನಲ್ಲಿ ಕೊಳ್ಳಿ. ಹಂತದ ಸಂಖ್ಯೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಬೇರೆ ಭಾಷೆಯಲ್ಲಿ ಸುಲಭವಾಗಿದ್ದ ಸಾಲು ಕನ್ನಡಕ್ಕೆ ಬಂದಾಗ ಒತ್ತಕ್ಷರಗಳಿಂದ ಭಾರವಾಗಿರಬಹುದು, ಮೇಲೆ ಹೇಳಿದ ಎಣಿಕೆಯನ್ನು ಇಲ್ಲಿಯೂ ಮಾಡಿ.

ಅಂಗಡಿಗೆ ಖುದ್ದಾಗಿ ಹೋಗಿ. ಪಟ್ಟಿ ನೋಡಿ ಕಂತೆಗಟ್ಟಲೆ ತರಿಸಿದರೆ ಒಂದು ಒಳ್ಳೆಯ ಪುಸ್ತಕದ ಜೊತೆಗೆ ಒಂಬತ್ತು ಬೇಡದವು ಬರುತ್ತವೆ. ಗಾಂಧಿನಗರದ ಸಪ್ನ, ಗಾಂಧಿಬಜಾರಿನ ಅಂಕಿತ, ನವಕರ್ನಾಟಕದ ಮಳಿಗೆಗಳು, ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರ ಇಷ್ಟನ್ನು ಒಂದು ದಿನದಲ್ಲಿ ನೋಡಿ ಮುಗಿಸಬಹುದು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯನ್ನು ಮರೆಯಬೇಡಿ, ಕಡಿಮೆ ಬೆಲೆಗೆ ಒಳ್ಳೆಯ ಚಿತ್ರಕಾರರ ಕೆಲಸ ಅದರಲ್ಲಿ ಸಿಗುತ್ತದೆ. ನಾಲ್ಕನೇ ತರಗತಿಯ ಚುರುಕು ಓದುಗರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿಯನ್ನು ಒಮ್ಮೆ ನೋಡಬಹುದು, ಆದರೆ ಪ್ರಶಸ್ತಿ ಕೊಡುವವರು ದೊಡ್ಡವರು ಎಂಬುದು ನೆನಪಿರಲಿ. ಕೈಗೆತ್ತಿಕೊಂಡ ಪ್ರತಿ ಪುಸ್ತಕದ ಬೈಂಡಿಂಗನ್ನೂ ನೋಡಿ. ನಡುವೆ ಪಿನ್ನು ಹೊಡೆದ ತೆಳು ಪುಸ್ತಕ ಪೂರ್ತಿ ಅಗಲವಾಗಿ ತೆರೆದುಕೊಳ್ಳುತ್ತದೆ, ಬೇಗ ಹಾಳಾಗುವುದಿಲ್ಲ. ಬರಿಯ ಗೋಂದು ಹಚ್ಚಿದ ಬೆನ್ನು ಒಂದು ತಿಂಗಳಲ್ಲಿ ಬಿರಿದು ಹಾಳೆಗಳು ಉದುರುತ್ತವೆ.

ಒಳ್ಳೆಯ ಪುಸ್ತಕ ತಂದು ಮತ್ತೆ ಬೀರುವಿಗೆ ಬೀಗ ಹಾಕಿದರೆ ಇಷ್ಟೆಲ್ಲ ಆಯ್ಕೆ ವ್ಯರ್ಥ. ಗ್ರಂಥಾಲಯ ವಿಜ್ಞಾನಕ್ಕೆ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ ಅವರು ಬಾಳಿನ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಕಳೆದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಪುಸ್ತಕಗಳಿರುವುದು ಬಳಕೆಗೆ ಎಂಬುದು ಅವರ ಮೊದಲ ಸೂತ್ರ. ಗೋಡೆಗೆ ಮಗುವಿನ ಎದೆಯ ಎತ್ತರದಲ್ಲಿ ಎರಡು ಸಾಲು ಹಗ್ಗ ಕಟ್ಟಿ, ಮುಖಪುಟ ಕಾಣುವಂತೆ ಪುಸ್ತಕಗಳನ್ನು ನೇತುಹಾಕಿ. ಕಂದು ಕಾಗದದ ಬೈಂಡು ಹಾಕಬೇಡಿ. ಮಗು ಪುಸ್ತಕವನ್ನು ಗುರುತಿಸುವುದೇ ಮುಖಪುಟದಿಂದ, ಅದನ್ನು ಮುಚ್ಚಿದರೆ ಎಲ್ಲ ಪುಸ್ತಕಗಳೂ ನೋಟ್‌ಬುಕ್ಕುಗಳಂತೆ ಕಾಣುತ್ತವೆ. ಪಾರದರ್ಶಕ ಟೇಪನ್ನು ಬೆನ್ನಿಗೆ ಅಂಟಿಸಿದರೆ ಸಾಕು. ಒಮ್ಮೆಗೆ ನಲವತ್ತು ಪುಸ್ತಕಗಳನ್ನಷ್ಟೇ ಹೊರಗಿಟ್ಟು ಎರಡು ವಾರಕ್ಕೊಮ್ಮೆ ಅರ್ಧವನ್ನು ಬದಲಿಸುತ್ತಿರಿ.

ಹರಿದರೆ, ಕಳೆದರೆ ಯಾರು ಹೊಣೆ ಎಂಬ ಭಯ ಪ್ರತಿ ಶಿಕ್ಷಕರಿಗೂ ಇದೆ, ಬೀರುವಿಗೆ ಬೀಗ ಬೀಳುವುದು ಆ ಭಯದಿಂದಲೇ. ಇದನ್ನು ಮೊದಲೇ ಬಗೆಹರಿಸಿಕೊಳ್ಳಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ಬಳಕೆಯಿಂದ ವರ್ಷಕ್ಕೆ ಇಂತಿಷ್ಟು ಪುಸ್ತಕಗಳು ಸವೆಯುವುದು ಸಹಜ, ಅದಕ್ಕೆ ಶಿಕ್ಷಕರನ್ನಾಗಲಿ ಮಕ್ಕಳನ್ನಾಗಲಿ ಹೊಣೆ ಮಾಡತಕ್ಕದ್ದಲ್ಲ ಎಂದು ನಡಾವಳಿಯಲ್ಲಿ ಬರೆಸಿ, ಮುಖ್ಯೋಪಾಧ್ಯಾಯರ ಸಹಿ ಮಾಡಿಸಿ. ನೂರಕ್ಕೆ ಹತ್ತು ಹದಿನೈದು ಎಂದು ನಾನು ಬರೆಸುತ್ತೇನೆ. ಪುಸ್ತಕ ಕೊಡುವ ವಹಿಯನ್ನು ನಾಲ್ಕನೇ ತರಗತಿಯ ಇಬ್ಬರು ಮಕ್ಕಳ ಕೈಗೆ ಕೊಡಿ, ಮಗುವಿನ ಹೆಸರು, ಪುಸ್ತಕದ ಹೆಸರು, ತಾರೀಕು ಇಷ್ಟೇ ಇರಲಿ. ಹರಿದ ಪುಟಕ್ಕೆ ದಂಡ ಹಾಕುವ ಬದಲು ಶುಕ್ರವಾರ ಕೊನೆಯ ಅವಧಿಯಲ್ಲಿ ಅಂಟಿಸುವ ಕೆಲಸವನ್ನು ಮಕ್ಕಳಿಂದಲೇ ಮಾಡಿಸಿ.

ದಿನಕ್ಕೆ ಹತ್ತು ನಿಮಿಷ ನೀವೇ ಗಟ್ಟಿಯಾಗಿ ಓದಿ ಹೇಳಿ, ಓದಿದ ಪುಸ್ತಕವನ್ನು ಆ ಕ್ಷಣವೇ ಹಗ್ಗಕ್ಕೆ ನೇತುಹಾಕಿ. ಟೀಚರ್ ಓದಿದ ಪುಸ್ತಕಕ್ಕೆ ಬಿಡುವಿನಲ್ಲಿ ಸಾಲು ನಿಲ್ಲುತ್ತದೆ, ಯಾಕೆಂದರೆ ಕಥೆ ಆಗಲೇ ಗೊತ್ತಿರುವುದರಿಂದ ಅಕ್ಷರದ ಭಯ ಅರ್ಧ ಕಡಿಮೆಯಾಗಿರುತ್ತದೆ. ದಸರಾ ರಜೆ ಮುಗಿದು ಶಾಲೆ ತೆರೆದಾಗ ವಹಿಯನ್ನೂ ಪುಸ್ತಕಗಳನ್ನೂ ಒಟ್ಟಿಗೆ ಇಟ್ಟುಕೊಂಡು ಕೂರಿ. ಯಾವುದರ ಮೂಲೆಗಳು ಮಡಿದು ಪುಟಗಳು ಮಾಸಿವೆಯೋ ಅವುಗಳಿಗೆ ಎರಡನೇ ಪ್ರತಿ ತನ್ನಿ, ಗೆಳೆಯರಿಬ್ಬರು ಅಕ್ಕಪಕ್ಕ ಕೂತು ಓದಲಿ. ಯಾವುದು ತಂದ ದಿನದಂತೆಯೇ ಹೊಳೆಯುತ್ತಿದೆಯೋ ಅದನ್ನು ನೀವೇ ಒಮ್ಮೆ ಓದಿ ಹೇಳಿ ನೋಡಿ, ಆಗಲೂ ಯಾರೂ ಕೇಳದಿದ್ದರೆ ಪಕ್ಕದ ಐದನೇ ತರಗತಿಗೆ ದಾಟಿಸಿ. ಉಳಿಸಿದ 4,000 ರೂಪಾಯಿಯಲ್ಲಿ ಮಿಕ್ಕದ್ದನ್ನು ಹಿಡಿದುಕೊಂಡು, ರಾಜ್ಯೋತ್ಸವದ ರಿಯಾಯಿತಿ ಇರುವ ನವೆಂಬರ್‌ನಲ್ಲಿ, ಸಾಧ್ಯವಾದರೆ ಮೂರು ನಾಲ್ಕು ಮಕ್ಕಳನ್ನು ಅವರ ತಂದೆ ತಾಯಿಯ ಒಪ್ಪಿಗೆ ಪಡೆದು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋಗಿ, ತರಗತಿಗೆ ಬೇಕಾದ ಹತ್ತು ಪುಸ್ತಕಗಳನ್ನು ಅವರೇ ಆರಿಸಲಿ.